ಬಾಡಿಗೆ ಚಾಂಪಿಯನ್ನರು

ನಮ್ಮಪ್ಪ ಒಂದು ಕಾಲದಲ್ಲಿ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆಗಿದ್ದ. ಇದನ್ನು ಕೇಳಿದ ಕೂಡಲೇ ಜನರ ಕಣ್ಣು ಅರಳುತ್ತದೆ. ಯಾವ ಕಾಲದಲ್ಲಿ ಎಂದು ವಿಚಾರಿಸಿ ತಿಳಿದುಕೊಂಡ ಮೇಲೆ, ಅರಳಿದ ಕಣ್ಣು ಮೆಲ್ಲಗೆ ಮೊದಲಿನ ಅಳತೆಗೆ ಬರುತ್ತದೆ. ತಪ್ಪು ಅವರದಲ್ಲ. ಅಪ್ಪ ಚಾಂಪಿಯನ್ನನ ಬೆಲ್ಟ್ ಗೆದ್ದದ್ದು ಇಬ್ಬರು ಮಹಾಶೂರರ ನಡುವಿನ ಸಂದಿಯಲ್ಲಿ. ಮೊದಲಿನವನನ್ನು ‘ಬಂಡೆ’ ಎನ್ನುತ್ತಿದ್ದರು. ವರ್ಷಗಟ್ಟಲೆ ಯಾರಿಗೂ ಜಗ್ಗದೆ, ಕೊನೆಗೆ ಹೊಡೆದೂ ಹೊಡೆದೂ ಬೇಸರ ಬಂದು ಅವನೇ ಬೆಲ್ಟ್ ಬಿಚ್ಚಿಟ್ಟು ಮನೆಗೆ ಹೋದ. ಆಮೇಲಿನವನು ‘ಮಿಂಚು’. ಅವನ ಮುಖ ಇವತ್ತಿಗೂ ಮಕ್ಕಳ ಅಂಗಿಯ ಮೇಲಿರುತ್ತದೆ. ಎಷ್ಟೋ ಸಲ ಅವನ ಮೂಗಿನ ಮೇಲೆ ನಾನೇ ಇಸ್ತ್ರಿ ಎಳೆದಿದ್ದೇನೆ. ಇವರಿಬ್ಬರ ನಡುವೆ ಎಂಟು ಮಂದಿ ಚಾಂಪಿಯನ್ನರಾಗಿ ಬಂದರು, ಹೋದರು. ಪತ್ರಿಕೆಯವರು ಅವರಿಗೆಲ್ಲ ಸೇರಿಸಿ ಬಾಡಿಗೆ ಚಾಂಪಿಯನ್ನರು ಎಂದು ಹೆಸರಿಟ್ಟರು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಆ ಲೆಕ್ಕ.

ಆ ಎಂಟರಲ್ಲಿ ನಮ್ಮಪ್ಪನ ಹೆಸರು ‘ಗೂಡ್ಸ್’. ಗೂಡ್ಸ್ ರೈಲಿನ ಹಾಗೆ ನಿಧಾನ, ಆದರೆ ಬಂದರೆ ಅಡ್ಡ ನಿಂತವನ ಗತಿ ಮುಗಿಯಿತು ಎಂಬ ಅರ್ಥದಲ್ಲಿ ಇಟ್ಟದ್ದು. ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಎದುರಿಗೆ ಕ್ಷೌರದಂಗಡಿ. ಅದರ ಯಜಮಾನನಿಗೆ ಈ ಎಂಟು ಜನರನ್ನು ತಕ್ಕಡಿಯಲ್ಲಿಟ್ಟು ತೂಗುವುದೇ ಹುಚ್ಚು. ಗಿರಾಕಿಯ ಕೆನ್ನೆಗೆ ನೊರೆ ಬಳಿದು, ಕತ್ತಿ ಹಿಡಿದುಕೊಂಡೇ, “ಹೇಳಿ ಸ್ವಾಮಿ, ಗೂಡ್ಸ್ ದೊಡ್ಡವನೋ, ಟಪಾಲು ದೊಡ್ಡವನೋ?” ಎನ್ನುತ್ತಾನೆ. ಅವನ ಓಟು ಗೂಡ್ಸಿಗೇ. ಕತ್ತಿ ಕುತ್ತಿಗೆಯ ಹತ್ತಿರ ಇರುವಾಗ ಯಾರು ತಾನೇ ಎದುರು ಮಾತಾಡುತ್ತಾರೆ? ಹೀಗಾಗಿ ಅವನ ಅಂಗಡಿಯಲ್ಲಿ ಯಾವಾಗಲೂ ನಮ್ಮಪ್ಪನೇ ಗೆಲ್ಲುತ್ತಿದ್ದ.

ಟಪಾಲು ಎಂದರೆ ಆ ಎಂಟರಲ್ಲಿ ಇನ್ನೊಬ್ಬ. ಹಗಲು ಕಾಗದ ಹಂಚುತ್ತಿದ್ದ, ಸಂಜೆ ಏಟು ಹಂಚುತ್ತಿದ್ದ. ಅವನೂ ಅಪ್ಪನೂ ಒಂದೇ ಕಾಲದವರು, ಒಂದೇ ತೂಕದವರು. ಆದರೂ ಒಬ್ಬರ ಮೇಲೊಬ್ಬರು ಕೈ ಎತ್ತಲೇ ಇಲ್ಲ. ಅಪ್ಪನ ಕೈಯಲ್ಲಿ ಬೆಲ್ಟ್ ಇದ್ದಾಗ ಇಬ್ಬರಿಗೂ ಪಂದ್ಯ ಗೊತ್ತಾಗಿತ್ತು, ಪೋಸ್ಟರ್ ಕೂಡ ಅಂಟಿಸಿದ್ದರು. ಅಷ್ಟರಲ್ಲಿ ಟಪಾಲುವಿಗೆ ಬೆರಳು ಮುರಿಯಿತು. ಅವನ ಬದಲಿಗೆ ಕರೆತಂದವನು ‘ಗೊರಕೆ’ ಎನ್ನುವ ಯಾರಿಗೂ ಗೊತ್ತಿಲ್ಲದ ಒಬ್ಬ. ಅವನ ಎದುರು ಅಪ್ಪ ಬೆಲ್ಟ್ ಕಳೆದುಕೊಂಡ. ಕೆಲವು ತಿಂಗಳಲ್ಲಿ ಅದೇ ಗೊರಕೆಯನ್ನು ಹೊಡೆದು ಟಪಾಲು ಚಾಂಪಿಯನ್ ಆದ. “ಬೇರೆಯವರು ಕೆಡವಿದ ಮರದಲ್ಲಿ ಹಣ್ಣು ಕಿತ್ಕೊಂಡ” ಎಂದು ಅಪ್ಪ ಜೀವಮಾನವಿಡೀ ಹೇಳಿದ. ನಮ್ಮ ಮನೆಯಲ್ಲಿ ಟಪಾಲುವಿಗೆ ಏಕವಚನವೇ. ವಯಸ್ಸಿನಲ್ಲಿ ದೊಡ್ಡವನು, ಎದುರಿಗೆ ‘ನೀವು’ ಎನ್ನುತ್ತೇನೆ. ಈ ಕಥೆ ಹೇಳುವಾಗ ಮಾತ್ರ ನಾಲಿಗೆಗೆ ಅಂಟಿದ್ದನ್ನು ಬಿಡಿಸಲು ಹೋಗುವುದಿಲ್ಲ.

ಅಪ್ಪನಿಗೆ ಲಕ್ವ ಹೊಡೆದದ್ದು ಚಳಿಗಾಲದ ಕೊನೆಯಲ್ಲಿ. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತಲು ಬಗ್ಗಿದವನು ಹಾಗೇ ಗೋಡೆಗೆ ಒರಗಿ ಕುಸಿದ. ಆಸ್ಪತ್ರೆಯಿಂದ ಮನೆಗೆ ಬರುವಾಗ ಮಾತು ಸ್ವಲ್ಪ ದಪ್ಪವಾಗಿತ್ತು, ಕಾಲು ಎಳೆಯುತ್ತಿತ್ತು, ಎಡಗೈ ಮಾತ್ರ ಪೂರ್ತಿ ಸುಮ್ಮನಾಗಿತ್ತು. ಒದ್ದೆ ಟವೆಲಿನ ಹಾಗೆ ಭುಜದಿಂದ ಜೋತುಬಿದ್ದಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು: “ಕೈಗೆ ಜೀವ ಬರೋದಾದ್ರೆ ಈ ಮೊದಲ ತಿಂಗಳುಗಳಲ್ಲೇ ಜಾಸ್ತಿ. ದಿನಾ ಆಡಿಸಲೇಬೇಕು. ಸುಮ್ನೆ ಬಿಟ್ರೆ ಆಮೇಲೆ ತುಂಬಾ ಕಷ್ಟ.” ಅಪ್ಪನನ್ನು ಚಾಂಪಿಯನ್ ಮಾಡಿದ್ದು ಆ ಎಡಗೈ. ಅಮ್ಮ ಹೋದ ಮೇಲೆ ಬಲಗೈ ಇಸ್ತ್ರಿ ಮಾಡುತ್ತಿದ್ದರೆ ನನ್ನನ್ನು ಎತ್ತಿಕೊಂಡು ಸಾಕಿದ್ದೂ ಅದೇ ಕೈ. ಅದು ಹೀಗೇ ಹೋಗಿಬಿಡುತ್ತದೆ ಎಂದು ನೆನೆದರೆ ನನಗೆ ಊಟ ಇಳಿಯುತ್ತಿರಲಿಲ್ಲ.

ಆಸ್ಪತ್ರೆಯಿಂದ ಒಬ್ಬ ಹುಡುಗಿಯನ್ನು ಕಳಿಸಿಕೊಟ್ಟರು, ಕೈಕಾಲಿಗೆ ವ್ಯಾಯಾಮ ಮಾಡಿಸುವವಳು. ಚುರುಕು, ನಗುಮುಖ, ಮೆಟ್ಟಿಲನ್ನು ಎರಡೆರಡೇ ಹತ್ತುವವಳು. ಅಪ್ಪನನ್ನು ಮಂಚದ ಮೇಲೆ ಮಲಗಿಸಿ, ಎಡಗೈ ಮಣಿಕಟ್ಟು ಹಿಡಿದು, “ತಾತ, ನಾನು ಎತ್ತುತ್ತೀನಿ, ನೀವೂ ಸೇರಿ ಎತ್ತಿ. ಒಂದು... ಎರಡು... ಮೂರು...” ಎಂದು ಶುರು ಮಾಡಿದಳು. ಅಪ್ಪ ಐದರವರೆಗೆ ಹಲ್ಲು ಕಚ್ಚಿಕೊಂಡಿದ್ದ. ಆರಕ್ಕೆ ಮುಖ ಗೋಡೆಗೆ ತಿರುಗಿಸಿದ. ಹತ್ತು ಎನ್ನುವ ಹೊತ್ತಿಗೆ ಬಲಗೈಯಲ್ಲಿ ಅವಳನ್ನು ದೂಡಿ, “ಹೋಗು” ಎಂದ.

ಮರುದಿನವೂ ಅದೇ ಕಥೆ, ಅದರ ಮರುದಿನವೂ ಅದೇ. ನಡೆಯುವುದಕ್ಕೆ ಒಪ್ಪುತ್ತಿದ್ದ, ಔಷಧಿ ನುಂಗುತ್ತಿದ್ದ, ಕೈಯ ವ್ಯಾಯಾಮಕ್ಕೆ ಮಾತ್ರ ಕಲ್ಲಾಗುತ್ತಿದ್ದ. ನಾನು ಇಸ್ತ್ರಿಪೆಟ್ಟಿಗೆಯ ಸ್ವಭಾವದವಳು: ಬೇಗ ಕಾಯುತ್ತೇನೆ, ನಿಧಾನಕ್ಕೆ ಆರುತ್ತೇನೆ. ಒಂದು ದಿನ ತಡೆಯಲಾಗದೆ ನಾನೇ ಮಂಚದ ಪಕ್ಕ ನಿಂತು, ಅವನ ಮುಖದ ಮೇಲೆ ಬಾಗಿ, ಅವನ ಕಣ್ಣೆದುರಿಗೇ ಒಂದೊಂದಾಗಿ ಬೆರಳು ಬಿಚ್ಚುತ್ತಾ, “ಒಂದು! ಎರಡು! ಮೂರು! ಎತ್ತಪ್ಪಾ, ಎತ್ತು!” ಎಂದು ಕಿರುಚಿದೆ. ಅಪ್ಪ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಅವನು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕೆಳಗೆ ಹೋಗಿ ಬಿಸಿ ಪೆಟ್ಟಿಗೆಯ ಮುಂದೆ ಸುಮ್ಮನೆ ನಿಂತುಕೊಂಡೆ.

ಅವನು ಸೋಲು ಒಪ್ಪಿಕೊಂಡಿದ್ದಾನೆ ಎಂದುಕೊಂಡೆ. ಕ್ಷೌರದಂಗಡಿಯವನಿಗೂ ಹಾಗೇ ಹೇಳಿದೆ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ?

ವಾರದೊಳಗೆ ಒಬ್ಬ ಮುದುಕ ಅಂಗಡಿಗೆ ಬಂದ. ಬಾಗಿಲಿನ ಅಗಲಕ್ಕೆ ಭುಜ, ಒಂದು ಕಡೆಗೆ ವಾಲಿದ ಮೂಗು, ಕೈಯಲ್ಲಿ ಮಡಚಿದ ಕೋಟು.

“ಇದನ್ನ ಒಗೆದು ಕೊಡ್ತೀಯೇನಮ್ಮ?”

ಕೋಟನ್ನು ಬಿಚ್ಚಿ ನೋಡಿದೆ. ಕಾಲರು ಸ್ವಚ್ಛ, ತೋಳಿನ ಅಂಚು ಸ್ವಚ್ಛ, ಮೂಗಿಗೆ ಹಿಡಿದರೆ ಸೋಪಿನ ವಾಸನೆ.

“ಇದು ಒಗೆದ ಬಟ್ಟೆ. ಒಗೆದದ್ದನ್ನ ಮತ್ತೆ ಒಗೆಯೋಕೆ ನಾನೇನು ಬಿಟ್ಟಿ ಕೂತಿದೀನಾ?”

ಮುದುಕ ಕಿವಿ ತುರಿಸಿಕೊಂಡ. “ಸರಿ. ನಿಮ್ಮಪ್ಪನ್ನ ನೋಡೋಕೆ ಬಂದೆ. ನೆಪ ಬೇಕಿತ್ತು. ನಾನು ಟಪಾಲು.”

ನನ್ನ ಕೈ ಪೆಟ್ಟಿಗೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿಯಿತು. ಮೊದಲು ಬೈದು ಅಟ್ಟೋಣ ಅನ್ನಿಸಿತು. ಆದರೆ ಅವನು ಮೆಟ್ಟಿಲಿನ ಕಡೆ ನೋಡಿದ ರೀತಿಯಲ್ಲಿ ಶಾಲೆಗೆ ತಡವಾಗಿ ಬಂದವನ ಅಳುಕಿತ್ತು. ಅಪ್ಪನಿಗೆ ಸಿಟ್ಟಾದರೂ ಬರಲಿ, ಸಿಟ್ಟು ಬಂದರೆ ಅಷ್ಟಾದರೂ ಜೀವ ಇದೆ ಎಂದಾಯಿತು ಎಂದುಕೊಂಡು ಮೇಲೆ ಕರೆದೊಯ್ದೆ.

ವ್ಯಾಯಾಮದ ಹುಡುಗಿ ಆಗಲೇ ಶುರು ಮಾಡಿದ್ದಳು. “ನಾಲ್ಕು... ಐದು... ಸ್ವಲ್ಪ ಪ್ರಯತ್ನಪಡಿ ತಾತ, ಆರು...” ಅಪ್ಪ ಗೋಡೆ ನೋಡುತ್ತಿದ್ದ. ಬಾಗಿಲಲ್ಲಿ ಟಪಾಲು ಹಾಗೇ ನಿಂತುಬಿಟ್ಟ. ಅವನ ಮುಖ ಬಿಳಚಿಕೊಂಡಿತು.

“ನಿಲ್ಸು! ನಿಲ್ಸಮ್ಮ ತಾಯಿ, ಎಣಿಸೋದು ನಿಲ್ಸು!” ಎಂದು ಕೂಗಿದ. ಹುಡುಗಿ ಬೆದರಿ ಅಪ್ಪನ ಕೈ ಬಿಟ್ಟಳು. “ಬಿದ್ದಿರೋ ಬಾಕ್ಸರ್ ತಲೆ ಮೇಲೆ ನಿಂತ್ಕೊಂಡು ಹತ್ತರವರೆಗೂ ಎಣಿಸ್ತಾರೇನಮ್ಮ? ಅದೂ ಇವನ ಮುಂದೆ?”

ನನಗೂ ಹುಡುಗಿಗೂ ಅರ್ಥವಾಗಲಿಲ್ಲ. ಟಪಾಲು ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು ಹೇಳಿದ. ಬಾಕ್ಸಿಂಗಿನಲ್ಲಿ ಬಿದ್ದವನು ತಕ್ಷಣ ಏಳಬಾರದು ಎಂದು ಕಲಿಸುತ್ತಾರಂತೆ. ಒಂದು ಮೊಣಕಾಲು ಊರಿ, ಉಸಿರು ತೆಗೆದುಕೊಂಡು, ರೆಫರಿ ಎಂಟು ಎಂದಾಗ ಏಳಬೇಕು. ಹತ್ತು ಮುಗಿದರೆ ಸೋತಂತೆ. ಗೊರಕೆಯ ಜೊತೆಗಿನ ಪಂದ್ಯದಲ್ಲಿ ಅಪ್ಪ ಜಾರಿದಂತೆ ಬಿದ್ದ, ಪೆಟ್ಟು ದೊಡ್ಡದಲ್ಲ. ಮೊಣಕಾಲೂರಿ, ತನ್ನ ಗುರು ನಿಂತ ಮೂಲೆಯ ಕಡೆಗೇ ಕಣ್ಣಿಟ್ಟು ಕಾದ. ಜನರ ಗದ್ದಲದಲ್ಲಿ ರೆಫರಿಯ ಎಣಿಕೆ ಕೇಳಿಸಲಿಲ್ಲ. ಎಂಟಾದಾಗ ಕೈಸನ್ನೆ ಮಾಡಬೇಕಿದ್ದ ಗುರುವಿಗೆ ಯಾವನೋ ಫೋಟೋದವನು ಅಡ್ಡ ನಿಂತಿದ್ದ. ಸನ್ನೆಗಾಗಿ ಕಾಯುತ್ತ ಕೂತವನ ತಲೆಯ ಮೇಲೆ ಹತ್ತು ಮುಗಿಯಿತು.

“ಏಟು ತಿಂದು ಸೋತಿದ್ರೆ ನಿದ್ದೆ ಬರುತ್ತೆ ಮಗಳೇ. ಇವನು ಕಾದು ಸೋತ. ಎಣಿಕೆ ಅಂದ್ರೆ ಇವನಿಗೆ ಆಗಲ್ಲ, ಯಾಕೆ ಅಂತ ಇವನಿಗೇ ಗೊತ್ತಿರ್ಲಿಕ್ಕಿಲ್ಲ.”

ನಾನು ಅಪ್ಪನ ಮುಖದ ಮೇಲೆ ಬಾಗಿ ಬೆರಳು ಬಿಚ್ಚಿದ್ದು ನೆನಪಾಯಿತು. ಗಾಯದ ಮೇಲೆ ಬರೆ ಎಳೆದಿದ್ದೆ, ಅದೂ ಪ್ರೀತಿಯಿಂದ.

ಹುಡುಗಿ ಮಾತ್ರ ಕೈ ಚೆಲ್ಲಿ ಕೂರಲಿಲ್ಲ. “ಹತ್ತು ಸಲ ಮಾಡಿಸ್ಲೇಬೇಕು ಅಕ್ಕ, ಅದರಲ್ಲಿ ರಿಯಾಯಿತಿ ಇಲ್ಲ. ಆದ್ರೆ ಅಂಕಿನೇ ಹೇಳ್ಬೇಕು ಅಂತ ಯಾರು ಹೇಳಿದ್ರು? ಆ ಕ್ಷೌರದಂಗಡಿಯವರು ಹೇಳ್ತಿರ್ತಾರಲ್ಲ, ಆ ಎಂಟು ಜನರ ಹೆಸರು ಹೇಳೋಣ” ಎಂದಳು. ಒಳಗೆ ಹೋಗಿ ಅಪ್ಪನ ಪಕ್ಕ ಕೂತು ಕೇಳಿದಳು: “ತಾತ, ಬಂಡೆ ಆದ್ಮೇಲೆ ಬೆಲ್ಟ್ ಯಾರಿಗೆ ಹೋಯ್ತು?”

ಅಪ್ಪ ಅವಳನ್ನು ನೋಡಿದ, ಬಾಗಿಲಲ್ಲಿ ನಿಂತ ಟಪಾಲುವನ್ನು ನೋಡಿದ. ಹಣೆ ಗಂಟಿಕ್ಕಿದ. ಆದರೂ ಇಂಥ ಪ್ರಶ್ನೆಗೆ ಉತ್ತರ ಕೊಡದೆ ಇರುವುದು ಅವನಿಂದ ಆಗದ ಮಾತು. “ಕಮ್ಮಾರ” ಎಂದ.

ಹುಡುಗಿ ಅವನ ಕೈ ಎತ್ತಿದಳು. “ಇದು ಕಮ್ಮಾರನಿಗೆ. ಆಮೇಲೆ?”

“ಮೌನಿ.”

“ಮೌನಿ ಅಲ್ಲ, ಮೌನಿಗಿಂತ ಮುಂಚೆ ಗಾಯಕ” ಎಂದ ಟಪಾಲು ಬಾಗಿಲಿನಿಂದ.

“ನಿನ್ನನ್ಯಾರು ಕೇಳಿದ್ರು?” ಅಪ್ಪನ ಧ್ವನಿ ದಪ್ಪವಾಗಿದ್ದರೂ ಗುಡುಗಿತು. “ಗಾಯಕ ಆಮೇಲೆ. ಮೌನಿ ಬೆಲ್ಟ್ ಕಿತ್ಕೊಂಡದ್ದು ಕಮ್ಮಾರನ ಕೈಯಿಂದ. ಮೌನಿನ ಹೊಡೆದೋನು ನಾನು.”

“ಸರಿಯಪ್ಪ, ನೀನು ಹಿಡಿದ ಮೊಲಕ್ಕೆ ಮೂರೇ ಕಾಲು.”

ಹೀಗೆ ಶುರುವಾಯಿತು. ಎಂಟು ಹೆಸರು ಮುಗಿದ ಮೇಲೆ ಹುಡುಗಿ ತಲೆಯೆತ್ತಿ, “ಇನ್ನೂ ಎರಡು ಸಲ ಬಾಕಿ ಇದೆಯಲ್ಲ” ಎಂದಳು. ಚಾಂಪಿಯನ್ನರು ಎಂಟೇ ಮಂದಿ. ಹಾಗಾದರೆ ಎಂಟರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರೋ ಅವನಿಗೆ ಇನ್ನೆರಡು ಸಲ ಎತ್ತಬೇಕು ಎಂದು ತೀರ್ಮಾನವಾಯಿತು. ಅವನು ಯಾರು? ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಶಾಂತಿ ಇರಲಿಲ್ಲ. ಟಪಾಲು ದಿನಾ ಮಧ್ಯಾಹ್ನ ಬರತೊಡಗಿದ. ನೆಪಕ್ಕೆ ಒಂದೊಂದು ಬಟ್ಟೆ ತರುವುದನ್ನು ನಾನೇ ಬೈದು ಬಿಡಿಸಿದೆ.

ಅವರ ಜಗಳ ಕೇಳಿದ ಮೇಲೆಯೇ ಆ ಎಂಟು ಜನ ನನಗೆ ಮನುಷ್ಯರಾಗಿ ಕಂಡದ್ದು. ಕಮ್ಮಾರನ ಏಟು ಭಾರ, ಆದರೆ ಮೂರನೇ ರೌಂಡಿಗೇ ಅವನಿಗೆ ಹಸಿವಾಗುತ್ತಿತ್ತು. ಗಾಯಕ ಎದುರಾಳಿಯ ಕಿವಿಯಲ್ಲಿ ಹಾಡು ಗುನುಗುತ್ತ ಹೊಡೆಯುತ್ತಿದ್ದ. ಗೊರಕೆ ಪಂದ್ಯಕ್ಕೆ ಮುಂಚೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿದ್ದೆ ಹೊಡೆಯುತ್ತಿದ್ದ, ಅಂಥ ಧೈರ್ಯ ಬಂಡೆಗೂ ಇರಲಿಲ್ಲವಂತೆ. “ಬಂಡೆ ಎದುರು ಕಮ್ಮಾರ ಎರಡು ಸಲ ಪೂರ್ತಿ ನಿಂತಿದ್ದಾನೆ. ಸೋತರೂ ನೆಲಕ್ಕೆ ಬಿದ್ದಿಲ್ಲ. ಅವನಿಗೆ ಎರಡು ಸಲ ಎತ್ತು” ಎಂದು ಟಪಾಲು ಪಟ್ಟು ಹಿಡಿಯುತ್ತಿದ್ದ. “ಮೌನಿಗೆ” ಎಂದು ಅಪ್ಪ. ಕೊನೆಗೆ ಹುಡುಗಿ ಇಬ್ಬರಿಗೂ ಎತ್ತಿಸುತ್ತಿದ್ದಳು. ಕೆಲವು ದಿನ ಹತ್ತು ಎನ್ನುವುದು ಇಪ್ಪತ್ತು ದಾಟುತ್ತಿತ್ತು. ಎಷ್ಟಾಯಿತು ಎಂದು ಅವಳು ಬಾಯಿ ಬಿಡುತ್ತಿರಲಿಲ್ಲ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಳು.

ಮೊದಲು ಹೆಬ್ಬೆರಳು ಅಲುಗಿತು. ಆಮೇಲೆ ಬೆರಳುಗಳು ಮಡಚಿದವು. ಮೇಜಿನ ಮೇಲೆ ಒಣ ಟವೆಲ್ ಹಾಸಿ, ಅದರ ಮೇಲೆ ಅಂಗೈ ಇಟ್ಟರೆ, ಟವೆಲನ್ನು ಒಂದು ಗೇಣು ಮುಂದಕ್ಕೆ ದೂಡುವಷ್ಟಾಯಿತು. ನಾನು ಕೆಳಗೆ ಗಿರಾಕಿಯ ಪ್ಯಾಂಟಿಗೆ ಗೆರೆ ಹಾಕುತ್ತಾ, ಮೇಲಿನ ಜಗಳ ಕೇಳುತ್ತಾ, ಒಬ್ಬಳೇ ನಗುತ್ತಿದ್ದೆ.

ಆದರೆ ಅಲ್ಲಿಗೆ ಗಾಡಿ ನಿಂತಿತು. ಯಾರಾದರೂ ಹಿಡಿದು ಎತ್ತಿದರೆ ಕೈ ಬರುತ್ತಿತ್ತು, ಬಿಟ್ಟರೆ ತೊಡೆಯ ಮೇಲೆ ದೊಪ್ಪನೆ ಬೀಳುತ್ತಿತ್ತು. ತಾನಾಗಿ ಮೇಲೇಳಲಿಲ್ಲ. ಒಂದು ವಾರ, ಎರಡು ವಾರ. ಡಾಕ್ಟರು ಬಂದು ನೋಡಿ, “ಇದೂ ಒಳ್ಳೇದೇ” ಎಂದರು. ‘ಇದೂ’ ಎನ್ನುವ ಮಾತು ಇನ್ನು ಇಷ್ಟೇ ಎಂದಂತೆ ಅಪ್ಪನಿಗೆ ತಟ್ಟಿತು. ಅವರು ಹೋದ ಮೇಲೆ ಕುರ್ಚಿಯಲ್ಲಿ ಕುಗ್ಗಿ ಕೂತ. ಟಪಾಲು ಎಂದಿನಂತೆ ಬಂದು, “ಹೂಂ, ಕಮ್ಮಾರ” ಎಂದರೆ ಅಪ್ಪ ಮುಖ ಗೋಡೆಗೆ ತಿರುಗಿಸಿದ.

“ಯಾಕೋ? ಇವತ್ತು ಜಗಳಕ್ಕೂ ರಜಾನಾ?”

“ನನ್ನ ಹೆಸರು ತೆಗೆದುಬಿಡಿ” ಎಂದ ಅಪ್ಪ. “ಏಳು ಜನ ಸಾಕು. ನಾನು ಚಾಂಪಿಯನ್ ಆಗಿದ್ದೇ ಅದೃಷ್ಟದಿಂದ. ಮೌನಿಗೆ ಅವತ್ತು ಜ್ವರ ಇತ್ತಂತೆ. ಪೇಪರಿನವರು ಬರೆದದ್ದು ಸುಳ್ಳಲ್ಲ. ನಿನಗೂ ಗೊತ್ತಿತ್ತು. ಅದಕ್ಕೇ ನನ್ನ ಜೊತೆ ಆಡೋಕೆ ನಿನಗೆ ಮನಸ್ಸಿರಲಿಲ್ಲ. ಬೆರಳು ಸರಿಹೋದ ಮೇಲೂ ನನ್ನನ್ನ ಕರೀಲಿಲ್ಲ ನೀನು.”

ನಲವತ್ತು ವರ್ಷ ಟಪಾಲುವನ್ನು ಬೈದವನ ಒಳಗೆ ಇದ್ದದ್ದು ಇದು ಎಂದು ನನಗೆ ಆಗ ಗೊತ್ತಾಯಿತು. ಹುಡುಗಿ ಮಡಚಿದ ಟವೆಲನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು.

ಟಪಾಲು ಕುರ್ಚಿ ಎಳೆದುಕೊಂಡು ಅಪ್ಪನ ಎದುರಿಗೆ ಕೂತ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ತನ್ನ ಬಲಗೈ ಚಾಚಿ ಬೆರಳುಗಳನ್ನು ಅಗಲಿಸಿ ತೋರಿಸಿದ.

“ನೋಡು. ಇದರಲ್ಲಿ ಮುರಿದದ್ದು ಯಾವುದು ಹೇಳು.”

ಅಪ್ಪ ನೋಡಿದ. ವಯಸ್ಸಾದ ಬೆರಳುಗಳು, ಗೆಣ್ಣು ಊದಿದವು, ಆದರೆ ಒಂದೊಂದೂ ನೆಟ್ಟಗಿದ್ದವು.

“ಯಾವುದೂ ಮುರಿದಿಲ್ಲ” ಎಂದ ಟಪಾಲು. “ಆಗಲೂ ಮುರಿದಿರಲಿಲ್ಲ. ನೀನು ಮೌನಿನ ಹೊಡೆದ ಪಂದ್ಯಕ್ಕೆ ನಾನು ಬಂದಿದ್ದೆ, ಹಿಂದಿನ ಸಾಲಿನಲ್ಲಿ ಕೂತಿದ್ದೆ. ಆ ಎಡಗೈ ಏಟಿನ ಸದ್ದು ಅಲ್ಲೀವರೆಗೂ ಬಂತು. ಮನೆಗೆ ಹೋದೆ, ಊಟ ಸೇರಲಿಲ್ಲ. ಪೋಸ್ಟರ್ ಅಂಟಿಸಿದ ಮೇಲಂತೂ ಆ ಗೋಡೆ ಇರೋ ಬೀದಿಲಿ ಕಾಗದ ಹಂಚೋಕೇ ಹೋಗ್ಲಿಲ್ಲ, ಸುತ್ತಿ ಬಳಸಿ ಹೋಗ್ತಿದ್ದೆ. ಕೊನೆಗೆ ನಾನೇ ಪಟ್ಟಿ ಸುತ್ಕೊಂಡು ಬೆರಳು ಮುರೀತು ಅಂದೆ. ನನ್ನ ಹೆಂಡ್ತಿಗೂ ನಿಜ ಹೇಳಿಲ್ಲ ಕಣೋ. ಜ್ವರವಂತೆ ಜ್ವರ! ಮೌನಿಗೆ ಜ್ವರ ಬಂದದ್ದು ನಿನ್ನ ಏಟು ತಿಂದ ಮೇಲೆ.”

ಟಪಾಲು ತಲೆ ತಗ್ಗಿಸಿಕೊಂಡಿದ್ದ.

“ನಾನು ಬಂದಿದ್ರೆ ಗೊರಕೆ ಬರ್ತಿರಲಿಲ್ಲ. ನಿನ್ನ ಬೆಲ್ಟ್ ಹೋಗಿದ್ದು ನನ್ನ ಹೆದರಿಕೆಯಿಂದ. ಈಗ ಬೇಕಾದ್ರೆ ಮನೆಯಿಂದ ಆಚೆ ಹಾಕು. ಆದ್ರೆ ಹೆಸರು ಮಾತ್ರ ತೆಗೀಬೇಡ. ಎರಡು ಸಲ ಎತ್ತಬೇಕಾದದ್ದು ಕಮ್ಮಾರನಿಗಲ್ಲ, ನಿನಗೆ. ಇದು ನನಗೆ ಮೊದಲಿಂದ ಗೊತ್ತು.”

ನನಗೆ ಮೈ ಉರಿಯಿತು. ನಲವತ್ತು ವರ್ಷ ಅಪ್ಪ ತನ್ನನ್ನೇ ತಿಂದುಕೊಂಡದ್ದು ಇವನ ಒಂದು ಸುಳ್ಳು ಪಟ್ಟಿಗಾಗಿ! ಬಾಯಿ ತೆರೆದೆ. ಹುಡುಗಿ ನನ್ನ ಮೊಣಕೈ ಹಿಡಿದಳು. ಅವಳ ಕಣ್ಣು ನನ್ನ ಮೇಲಿರಲಿಲ್ಲ, ಅಪ್ಪನ ತೊಡೆಯ ಮೇಲಿತ್ತು.

ಅಪ್ಪ ತನ್ನ ಎಡಗೈಯನ್ನೇ ನೋಡುತ್ತಿದ್ದ, ಬಹಳ ದಿನದ ಮೇಲೆ ಸಿಕ್ಕ ಸಂಬಂಧಿಕನನ್ನು ನೋಡುವ ಹಾಗೆ. ಬೆರಳುಗಳು ಒಂದೊಂದಾಗಿ ಒಳಗೆ ಮಡಚಿಕೊಂಡವು, ಹೆಬ್ಬೆರಳು ಮೇಲೆ ಬಂದು ಕೂತಿತು. ಮುಷ್ಟಿ ತೊಡೆಯಿಂದ ಎದ್ದಿತು. ನಡುಗುತ್ತಾ, ಒಮ್ಮೆ ತಡೆದು ನಿಂತು, ಮತ್ತೆ ಎದ್ದಿತು. ಹೊಟ್ಟೆ ದಾಟಿತು, ಎದೆ ದಾಟಿತು. ಅಪ್ಪನ ಕುತ್ತಿಗೆಯ ನರ ಉಬ್ಬಿತ್ತು, ಹಣೆಯಲ್ಲಿ ಬೆವರು ಒಡೆದಿತ್ತು. ಯಾರೂ ಹಿಡಿದಿರಲಿಲ್ಲ. ಮುಷ್ಟಿ ಬಂದು ಟಪಾಲುವಿನ ಮುಖದ ಎತ್ತರಕ್ಕೆ ನಿಂತಿತು.

“ಈಗ?” ಎಂದ ಅಪ್ಪ.

ಟಪಾಲು ತಲೆ ಎತ್ತಿದ. ಮುಷ್ಟಿ ಕಂಡದ್ದೇ ತಡ, ಅವನ ಗದ್ದ ಎದೆಗೆ ಅಂಟಿತು, ಭುಜ ಮೇಲೆದ್ದಿತು, ಎರಡೂ ಕೈ ಮುಖಕ್ಕೆ ಅಡ್ಡ ಬಂದವು. ನಾಟಕವಲ್ಲ. ಅವನ ಕುರ್ಚಿ ಕಿರ್ರೆಂದು ಹಿಂದಕ್ಕೆ ಸರಿದಿತ್ತು.

ಅಪ್ಪ ಅದನ್ನು ನೋಡಿದ. ಕೈ ಇನ್ನೂ ನಡುಗುತ್ತಲೇ ಇತ್ತು, ಆದರೆ ಇಳಿಸಲಿಲ್ಲ. ಸೊಟ್ಟಗಾಗಿದ್ದ ಬಾಯಿ ಅಗಲವಾಗಿ ನಗುತ್ತಾ ನನ್ನ ಕಡೆ ತಿರುಗಿತು.

“ನೋಡಿದೇನೇ?” ಎಂದ. “ಇನ್ನೂ ಹೆದರ್ತಾನೆ!”